ಪಗಾರ ಏರಿದ ಮೇಲೂ ಮುನಿಸು: ಭೋಸರಿಯ ಒಂದು ವರ್ಕ್‌ಶಾಪಿನ ಪ್ರಕರಣ

ಪಿಂಪ್ರಿ-ಚಿಂಚವಾಡದ ಸಣ್ಣ ಕಾರ್ಖಾನೆಗಳಿಗೆ ಪಗಾರದ ಲೆಕ್ಕ, ಪಿಎಫ್, ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಕಾಗದಪತ್ರ ನೋಡಿಕೊಡುವುದು ನನ್ನ ಕೆಲಸ. ಅವುಗಳಲ್ಲಿ ಒಂದು ಶಾಪಿನಲ್ಲಿ ನಡೆದದ್ದನ್ನು ಮಾಲೀಕರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಯಾರ ಗುರುತೂ ಸಿಗಬಾರದೆಂದು ಊರು, ನಂಟು, ರೂಪಾಯಿಗಳನ್ನು ಸ್ವಲ್ಪ ಅತ್ತಿತ್ತ ಮಾಡಿದ್ದೇನೆ. ನಡೆದ ಕ್ರಮ ಮಾತ್ರ ಹಾಗೇ ಇದೆ.

ಹಿನ್ನೆಲೆ

ಮಾಲೀಕರು ಬೆಳಗಾವಿ ಕಡೆಯವರು. ಅಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಲೇತ್ ಮುಂದೆ ನಿಂತು ಕೆಲಸ ಕಲಿತವರು. ಆಮೇಲೆ ಪುಣೆಗೆ ಬಂದು, ಸಾಲ ಮಾಡಿ, ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಯಂತ್ರ ಹಾಕಿದರು. ಈ ಪ್ರಕರಣದ ಹೊತ್ತಿಗೆ ಎಂಟು ಸಿಎನ್‌ಸಿ ಮತ್ತು ವಿಎಂಸಿ ಯಂತ್ರಗಳು (ಕಂಪ್ಯೂಟರ್ ಲೆಕ್ಕದಲ್ಲಿ ಲೋಹ ಕೊರೆಯುವಂಥವು), 34 ಜನ. ವಾಹನ ಕಂಪನಿಗಳಿಗೆ ಬಿಡಿಭಾಗ ಪೂರೈಸುವವರಿಗೆ ಇವರು ಜಾಬ್, ಅಂದರೆ ಹೇಳಿದ ಅಳತೆಗೆ ಭಾಗಗಳನ್ನು, ಮಾಡಿಕೊಡುತ್ತಾರೆ. ಅರ್ಧಕ್ಕಿಂತ ಜಾಸ್ತಿ ಜನ ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯವರು. ಹೊರಗೆ ಮರಾಠಿ, ಶೆಡ್ಡಿನೊಳಗೆ ಕನ್ನಡ.

ಪಗಾರಕ್ಕೆ ಲೆಕ್ಕವೇ ಇರಲಿಲ್ಲ. ಬಾಯಿಬಿಟ್ಟು ಕೇಳಿದವರಿಗೆ ಏರುತ್ತಿತ್ತು. ಸುಮ್ನೆ ಇದ್ದವರದು ಅಲ್ಲೇ ಇರುತ್ತಿತ್ತು. 2020ರ ಲಾಕ್‌ಡೌನಿನಲ್ಲಿ ಊರಿಗೆ ಹೋದವರು ಎಲ್ಲರೂ ಮರಳಲಿಲ್ಲ. ಆರ್ಡರ್ ಮಾತ್ರ ಮರಳಿತು. ಆಗ ಹೊಸಬರನ್ನು ಅವರು ಕೇಳಿದಷ್ಟು ಕೊಟ್ಟು ಕರೆಸಿಕೊಂಡರು. ಹೀಗಾಗಿ ಹತ್ತು ವರ್ಷದ ಹಳೆಯ ಆಪರೇಟರ್‌ಗೆ 17,500, ಅವರ ಪಕ್ಕದ ಯಂತ್ರದ ಹೊಸ ಹುಡುಗನಿಗೆ 21,000. ಮಾಲೀಕರ ಅಕ್ಕನ ಮಗನೊಬ್ಬ ಸೆಟ್ಟರ್ (ಹೊಸ ಜಾಬ್‌ಗೆ ಯಂತ್ರ ಸಜ್ಜು ಮಾಡುವವ) ಆಗಿದ್ದ. ಅವನಿಗೆ 27,000, ಇನ್ನೊಬ್ಬ ಸೆಟ್ಟರ್‌ಗೆ 23,000.

ಡಿಬರಿಂಗ್ (ಜಾಬ್‌ನ ಚೂಪು ಅಂಚು ತೆಗೆಯುವುದು) ಮತ್ತು ಇನ್‌ಸ್ಪೆಕ್ಷನ್‌ನಲ್ಲಿ (ತಪಾಸಣೆ) ಆರು ಜನ ಹೆಂಗಸರಿದ್ದರು. ತಲಾ 13,000. ಅದೇ ಮೇಜಿನಲ್ಲಿ ಕೂರುವ ಗಂಡಸು ಹೆಲ್ಪರ್‌ಗಳಿಗೆ 15,000. ‘ಗಂಡಸರು ತೂಕ ಎತ್ತತಾರ್ರಿ’ ಎನ್ನುವುದು ಮಾಲೀಕರ ಉತ್ತರ. ಆದರೆ ಕ್ರೇಟುಗಳನ್ನು ಕೈಯಲ್ಲಿ ಎತ್ತುವುದು ನಿಂತು ಎಷ್ಟೋ ವರ್ಷ ಆಗಿತ್ತು. ಎಲ್ಲವೂ ಪ್ಯಾಲೆಟ್ ಗಾಡಿಯ ಮೇಲೆ ಓಡಾಡುತ್ತಿದ್ದವು. ಒಂದೇ ತರದ ಕೆಲಸಕ್ಕೆ ಹೆಣ್ಣು ಗಂಡಿಗೆ ಒಂದೇ ಪಗಾರ ಕೊಡಬೇಕೆಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. ಈಗ ಅದರ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಈ ಮಾತು ಆ ಶೆಡ್ಡಿನಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ.

ಒಂದು ಪಗಾರ ಚೀಟಿ

2022ರ ಮಳೆಗಾಲ. ಹೊಸ ಹುಡುಗ ಬೈಕಿನ ಸಾಲಕ್ಕೆ ಅರ್ಜಿ ತುಂಬುತ್ತಿದ್ದ. ಇಂಗ್ಲಿಷ್ ಓದಲು ತೊಡಕಾಗಿ ಹಳೆಯ ಆಪರೇಟರ್ ಕೈಗೆ ಫೋನ್ ಕೊಟ್ಟ. ಅದರಲ್ಲಿ ಪಗಾರ ಚೀಟಿ ತೆರೆದಿತ್ತು.

ಆ ಹಳೆಯ ಆಪರೇಟರ್ (ಮುಂದೆ ‘ಹಳಬರು’ ಎಂದರೆ ಇವರೊಬ್ಬರೇ) ಆ ದಿನ ಏನೂ ಅನ್ನಲಿಲ್ಲ. ಆಮೇಲೂ ಅನ್ನಲಿಲ್ಲ. ಆದರೆ ಹೊಸಬರಿಗೆ ಹೇಳಿಕೊಡುವುದನ್ನು ನಿಲ್ಲಿಸಿದರು. ಪಕ್ಕದ ಯಂತ್ರದಲ್ಲಿ ಟೂಲ್ ಸವೆದು ಸದ್ದು ಬದಲಾದದ್ದು ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿತ್ತು. ಮೊದಲಾದರೆ ಎದ್ದು ಹೋಗಿ ಹೇಳುತ್ತಿದ್ದರು. ಈಗ ತಮ್ಮ ಯಂತ್ರ, ತಮ್ಮ ಕೆಲಸ. ಎರಡನೇ ಶಿಫ್ಟಿಗೆ ನಿಲ್ಲಿ ಎಂದರೆ ಮನೆಯಲ್ಲಿ ಕೆಲಸ ಇದೆ ಅನ್ನತೊಡಗಿದರು. ಸುದ್ದಿ ನಿಧಾನಕ್ಕೆ ಹರಡಿತು. ರಿಜೆಕ್ಷನ್, ಅಂದರೆ ಕೆಟ್ಟು ತಿರಸ್ಕಾರವಾಗುವ ಮಾಲು, ಹೆಚ್ಚಿತು. ಸೋಮವಾರ ಹೇಳದೆ ಕೇಳದೆ ರಜೆ ಹಾಕುವವರು ಹೆಚ್ಚಿದರು.

ಮಾಲೀಕರು ಇದನ್ನು ‘ಜನರಿಗೆ ದುಡ್ಡು ಸಾಲುತ್ತಿಲ್ಲ’ ಎಂದು ಓದಿದರು. ಪೂರ್ತಿ ತಪ್ಪು ಓದು ಅಂತಲೂ ಹೇಳಲಾರೆ. ಬಾಡಿಗೆ ಏರಿತ್ತು, ಸಿಲಿಂಡರ್ ಏರಿತ್ತು. ಆ ದೀಪಾವಳಿಗೆ ಬೋನಸ್ ಜೊತೆಗೆ ಎಲ್ಲರಿಗೂ ತಿಂಗಳಿಗೆ 1,500 ರೂಪಾಯಿ ಏರಿಸಿದರು. 34 ಜನಕ್ಕೆ ಲೆಕ್ಕ ಹಾಕಿ, ಸಣ್ಣ ಶಾಪಿಗೆ ಇದು ಹಗುರದ ಮಾತಲ್ಲ. ಆ ವರ್ಷ ತರಬೇಕೆಂದಿದ್ದ ಸೆಕೆಂಡ್ ಹ್ಯಾಂಡ್ ಯಂತ್ರವನ್ನು ಅವರು ಕೈಬಿಟ್ಟರು.

ಖುಷಿ ಬಂತು. ಸಂಕ್ರಾಂತಿ ಹೊತ್ತಿಗೆ ಹೊರಟುಹೋಯಿತು. ನನ್ನನ್ನು ಕರೆಸಿದ್ದು ಆಗ, 2023ರ ಆರಂಭದಲ್ಲಿ. ‘ಎಲ್ಲಾರಿಗೂ ಕೊಟ್ಟೇನಿ, ಇನ್ನ ಏನ್ ಮಾಡ್ಲಿ ಹೇಳ್ರಿ’ ಎಂದು ಮಾಲೀಕರು ಬೇಸರದಿಂದಲೇ ಮಾತು ಶುರು ಮಾಡಿದರು.

ಆ 1,500 ಎಲ್ಲಿ ಹೋಯಿತು?

ಎಲ್ಲರಿಗೂ ಒಂದೇ ಸಮ ಏರಿಸಿದರೆ ಅಂತರ ಹಾಗೇ ಉಳಿಯುತ್ತದೆ, ಅಲ್ವಾ? ಹಳಬರಿಗೆ 19,000 ಆಯಿತು, ಹೊಸಬನಿಗೆ 22,500. ನಾನು ಹಳಬರ ಜೊತೆ ಚಹಾದ ಹೊತ್ತಿನಲ್ಲಿ ಕೂತಾಗ ಅವರು ಹೇಳಿದ್ದು ಇಷ್ಟೇ: ‘ಪಗಾರ ಕಡಿಮಿ ಅದ ಅಂತ ನನಗ ಸಿಟ್ಟಿಲ್ರಿ. ಅವಂಗ ಯಾಕ ಜಾಸ್ತಿ, ಅದನ್ನ ಯಾರರ ಒಬ್ರು ಹೇಳ್ರಿ. ಅವಂಗ ಮಷಿನ್ ಕಲಿಸಿದಾಂವ ನಾನ.’

ಇಂಥದ್ದನ್ನೇ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಎಮಿಲಿ ಬ್ರೇಜಾ, ಸುಪ್ರೀತ್ ಕೌರ್, ಯೋಗಿತಾ ಶಾಮ್ದಾಸಾನಿ ಎಂಬ ಅರ್ಥಶಾಸ್ತ್ರಜ್ಞರು ಒಡಿಶಾದಲ್ಲಿ 378 ಕೂಲಿಕಾರರ ಮೇಲೆ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಜೊತೆಗೆ ಕೂತು ಕೆಲಸ ಮಾಡುವವರಲ್ಲಿ ಒಬ್ಬರಿಗೆ ಕಡಿಮೆ, ಒಬ್ಬರಿಗೆ ಜಾಸ್ತಿ ಕೊಟ್ಟಾಗ ಕೆಲಸವೂ ಇಳಿಯಿತು, ಹಾಜರಿಯೂ ಇಳಿಯಿತು. ಬಾರದೆ ಹೋದರೆ ಕೂಲಿ ಹೋಗುತ್ತದೆಂದು ಗೊತ್ತಿದ್ದೂ ಜನ ಬರಲಿಲ್ಲ. ಆದರೆ ಯಾರು ಹೆಚ್ಚು ಮಾಡುತ್ತಾರೆ ಎಂಬುದು ಎಲ್ಲರ ಕಣ್ಣಿಗೆ ಕಾಣುವಂತಿದ್ದ ಕಡೆ, ಅದೇ ಅಂತರದಿಂದ ಇಂಥ ಕೆಡುಕು ಆಗಲಿಲ್ಲ. ನಮ್ಮ ಶಾಪಿಗೆ ಮುಖ್ಯವಾದದ್ದು ಈ ಎರಡನೇ ಮಾತು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರ ಬಗ್ಗೆ 2012ರಲ್ಲಿ ಬಂದ ಇನ್ನೊಂದು ಅಧ್ಯಯನವೂ ಇದೆ. ಎಲ್ಲರ ಸಂಬಳ ನೋಡಬಹುದಾದ ಒಂದು ಪಟ್ಟಿ ಇದೆಯೆಂದು ತಿಳಿಸಿದಾಗ, ತಮ್ಮಂಥವರ ನಡುವೆ ಕಡಿಮೆ ಪಡೆಯುತ್ತಿದ್ದವರ ಸಮಾಧಾನ ಇಳಿಯಿತು. ಜಾಸ್ತಿ ಪಡೆಯುತ್ತಿದ್ದವರಿಗೆ ಹೆಚ್ಚಿನ ಖುಷಿಯೇನೂ ಆಗಲಿಲ್ಲ. ಭೋಸರಿಯ ಹೊಸ ಹುಡುಗನೂ ಹಾಗೇ ಇದ್ದ. ತನಗೆ ಸಿಗುತ್ತಿದ್ದುದು ಸಹಜ ಅಂದುಕೊಂಡಿದ್ದ, ಅಷ್ಟೆ.

ಇನ್ನೊಂದು ತೊಡಕು ಓಟಿಯದು (ಓವರ್‌ಟೈಮ್). ಅಲ್ಲಿ ಓಟಿಗೆ ಒಂದಕ್ಕೆ ಒಂದರಂತೆ ಕೊಡುತ್ತಿದ್ದರು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಎರಡು ಪಟ್ಟು ಕೊಡಬೇಕು. ಇದನ್ನು ಸರಿ ಮಾಡದೆ ಮುಂದೆ ಹೋಗುವುದಿಲ್ಲ ಎಂದೆ. ಸರಿ ಮಾಡಿದ ಕೂಡಲೇ ಮಾಲೀಕರು ಓಟಿಯನ್ನೇ ಅರ್ಧಕ್ಕಿಂತಲೂ ಕೆಳಗಿಳಿಸಿದರು. ದಿಘಿ ಕಡೆ ಒಂದೇ ಖೋಲಿಯಲ್ಲಿ ಎಂಟು ಜನ ಇರುವ ಒಂಟಿ ಹುಡುಗರಿಗೆ ಸಿಟ್ಟು ಬಂತು. ಖೋಲಿಗೆ ಹೋಗಿ ಮಾಡುವುದೇನು, ಮೂಲೆಯಲ್ಲಿ ಫೋನ್ ನೋಡುತ್ತಾ ಕೂರುವುದಕ್ಕಿಂತ ಯಂತ್ರದ ಮುಂದೆ ನಿಂತರೆ ದುಡ್ಡಾದರೂ ಬರುತ್ತದೆ ಎನ್ನುವುದು ಅವರ ವಾದ. ಹೆಂಡತಿ ಮಕ್ಕಳ ಜೊತೆ ಇದ್ದವರು ಇದಕ್ಕೆ ಉಲ್ಟಾ. ಕೈಗೆ ಬರುವ ಹಣ ಸ್ವಲ್ಪ ಕಡಿಮೆಯಾದರೂ ಅವರು ತಕರಾರು ಮಾಡಲಿಲ್ಲ.

ಪಗಾರ ಇಳಿಸಿ ಎಂದವನು

ಈ ಪ್ರಕರಣದ ದೊಡ್ಡ ತಿರುವು ಇದೇ. 20,200 ಇದ್ದ ಒಬ್ಬ ಆಪರೇಟರ್ ದೀಪಾವಳಿಯ ಏರಿಕೆಯಿಂದ 21,700ಕ್ಕೆ ಬಂದಿದ್ದ. ಇಎಸ್‌ಐ ಸೌಲಭ್ಯದ ಮಿತಿ ತಿಂಗಳಿಗೆ 21,000. ಅದನ್ನು ದಾಟಿದರೆ ತಕ್ಷಣ ಹೊರಗೆ ಹಾಕುವುದಿಲ್ಲ. ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಅವಧಿ ಮುಗಿಯುವ ತನಕ ಕಂತು ಕಟ್ಟುತ್ತಾರೆ. ಏಪ್ರಿಲ್‌ನಿಂದ ಕಂತು ನಿಲ್ಲುತ್ತದೆ, ಸ್ವಲ್ಪ ತಿಂಗಳು ಕಳೆದ ಮೇಲೆ ಚಿಕಿತ್ಸೆಯೂ ನಿಲ್ಲುತ್ತದೆ. ಅವನ ತಾಯಿಗೆ ಇಎಸ್‌ಐ ಮೂಲಕ ಡಯಾಲಿಸಿಸ್ ನಡೆಯುತ್ತಿತ್ತು.

‘ಸಾಹೇಬ್ರ, ಆ ಒಂದೂವರಿ ಸಾವಿರ ವಾಪಸ್ ತಗೋರಿ. ಅವ್ವಂದು ನಿಂತರ ನಾ ಏನ್ ಮಾಡ್ಲಿ?’ ಎಂದು ಅವನು ಕೇಳಿದಾಗ ಮಾಲೀಕರು ಗಲಿಬಿಲಿಯಾದರು. ಪಗಾರ ಇಳಿಸಿ ಅಂತ ಕೇಳಿದವನನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ.

ಮಾಲೀಕರ ಮೊದಲ ಸಲಹೆ: ಪುಸ್ತಕದಲ್ಲಿ 20,200 ತೋರಿಸಿ, ಉಳಿದದ್ದನ್ನು ಕೈಯಲ್ಲಿ ಕೊಡೋಣ. ನಾನು ಒಪ್ಪಲಿಲ್ಲ. ಕಾನೂನಿಗೆ ವಿರುದ್ಧ ಎನ್ನುವುದು ಒಂದು ಕಾರಣ. ಗುಟ್ಟಿನ ಪಗಾರದಿಂದಲೇ ಈ ಶಾಪು ಇಲ್ಲಿಗೆ ಬಂದಿತ್ತು, ಮತ್ತೊಂದು ಗುಟ್ಟು ಸೇರಿಸುವುದು ಬೇಡ ಎನ್ನುವುದು ಇನ್ನೊಂದು. ಎಲ್ಲರಿಗೂ ಖಾಸಗಿ ಗುಂಪು ವಿಮೆ ಮಾಡಿಸುವ ಬಗ್ಗೆ ವಿಚಾರಿಸಿದೆವು. ತಂದೆತಾಯಿಯನ್ನು ಸೇರಿಸಿದರೆ ಕಂತು ಶಾಪಿನ ಕೈಗೆ ಎಟುಕುವಂತಿರಲಿಲ್ಲ.

ದಾರಿ ಕಾಯ್ದೆಯಲ್ಲೇ ಇತ್ತು. ಆಗಿನ ಇಎಸ್‌ಐ ಕಾಯ್ದೆಯಲ್ಲಿ, ಎರಡು ತಿಂಗಳಿಗಿಂತ ಹೆಚ್ಚಿನ ಅಂತರದಲ್ಲಿ ಕೊಡುವ ಪ್ರೋತ್ಸಾಹಧನ ಪಗಾರದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಒಂದು ದರ್ಜೆಯ ನಿಗದಿತ ಪಗಾರವನ್ನು 20,900ಕ್ಕೆ ಇಟ್ಟು, ಅದರ ಮೇಲಿನದನ್ನು ಮೂರು ತಿಂಗಳಿಗೊಮ್ಮೆ, ಒಳ್ಳೆಯ ಜಾಬ್‌ಗಳ ಲೆಕ್ಕದ ಮೇಲೆ, ಆ ದರ್ಜೆಯ ಎಲ್ಲರಿಗೂ ಒಂದೇ ನಿಯಮದಲ್ಲಿ ಕೊಡುವುದು. ಓದುವವರಲ್ಲಿ ಯಾರಾದರೂ ಇದನ್ನು ಹಾಗೇ ನಕಲು ಮಾಡುವ ಮೊದಲು ಎಚ್ಚರ: ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಪಗಾರ ಎಂದರೆ ಏನು ಎಂಬ ಲೆಕ್ಕವನ್ನು ಹೊಸದಾಗಿ ನೋಡಿಕೊಳ್ಳಬೇಕು.

ಗೋಡೆಗೆ ಹಚ್ಚಿದ ಪಟ್ಟಿ

ಹೀಗೆ ಒಬ್ಬನ ತಾಯಿಯ ಡಯಾಲಿಸಿಸ್‌ನಿಂದ ಶುರುವಾದದ್ದು ಇಡೀ ಶಾಪಿನ ಪಟ್ಟಿಯಾಯಿತು. ನಾಲ್ಕು ದರ್ಜೆ ಮಾಡಿದೆವು. ಹೆಲ್ಪರ್ ಮತ್ತು ಇನ್‌ಸ್ಪೆಕ್ಷನ್ ಮೊದಲನೆಯದು, 16,500, ಹೆಣ್ಣು ಗಂಡು ಭೇದವಿಲ್ಲ. ಒಂದು ಯಂತ್ರ ನಡೆಸುವ ಆಪರೇಟರ್‌ಗೆ 18,500. ಎರಡು ತರದ ಯಂತ್ರ ನಡೆಸಿ, ಟೂಲ್ ಬದಲಿಸಿ, ಆಫ್‌ಸೆಟ್ (ಟೂಲಿನ ಅಳತೆಯ ತಿದ್ದುಪಡಿ) ಕೊಡಬಲ್ಲವರಿಗೆ 20,900 ಮತ್ತು ಮೂರು ತಿಂಗಳ ಪ್ರೋತ್ಸಾಹಧನ. ಡ್ರಾಯಿಂಗ್ ಓದಿ ಹೊಸ ಜಾಬ್ ಸೆಟ್ ಮಾಡುವವರಿಗೆ 25,000. ಯಾರು ಬೇಕಾದರೂ ಪರೀಕ್ಷೆ ಕೇಳಬಹುದು. ಪರೀಕ್ಷೆ ಯಂತ್ರದ ಮೇಲೇ, ಎಲ್ಲರ ಎದುರಿಗೇ. ಹಳಬರು ಮೊದಲ ವಾರವೇ ಮೂರನೇ ದರ್ಜೆ ಪಾಸಾದರು. ನೋಡುತ್ತಿದ್ದವರಿಗೆ ಯಾವ ಅನುಮಾನವೂ ಉಳಿಯಲಿಲ್ಲ.

ಕಷ್ಟವಾದದ್ದು ಮಾಲೀಕರ ಅಕ್ಕನ ಮಗನ ವಿಷಯ. ಏರಿಕೆಯ ನಂತರ ಅವನಿಗೆ 28,500, ದರ್ಜೆಯ ಪಗಾರ 25,000. ಇಳಿಸಿದರೆ ಮನೆಯಲ್ಲಿ ಜಗಳ. ಅವನೊಬ್ಬನಿಗಾಗಿ ಐದನೇ ದರ್ಜೆ ಕಟ್ಟಿದರೆ ಪಟ್ಟಿಗೆ ಬೆಲೆ ಇಲ್ಲ. ಮಾಲೀಕರು ಕೆಲವು ದಿನ ಈ ಮಾತನ್ನೇ ತಪ್ಪಿಸಿದರು. ಕೊನೆಗೆ ತೀರ್ಮಾನವಾದದ್ದು: ಅವನ ಪಗಾರ ಇಳಿಯುವುದಿಲ್ಲ, ಆದರೆ ಪಟ್ಟಿ ಅವನನ್ನು ಮುಟ್ಟುವ ತನಕ ಏರುವುದೂ ಇಲ್ಲ. ಇದನ್ನು ಮಾಲೀಕರು ಎಲ್ಲರನ್ನೂ ಸೇರಿಸಿ ತಾವೇ ಹೇಳಿದರು. ‘ಇಂವ ನಮ್ಮಕ್ಕನ ಮಗ, ಅದಕ್ಕ ಜಾಸ್ತಿ ಕೊಟ್ಟಿದ್ದೆ, ಇನ್ಮುಂದ ಇಲ್ಲ’ ಎಂದು ನೇರವಾಗಿ ಅಂದುಬಿಟ್ಟರು. ನನ್ನ ಪಟ್ಟಿಗಿಂತ ಜಾಸ್ತಿ ಕೆಲಸ ಮಾಡಿದ್ದು ಈ ಮಾತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಹುಡುಗ ಮಾಮನ ಜೊತೆ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. 22,500ರ ಹೊಸ ಆಪರೇಟರ್‌ಗೂ ಇದೇ ನಿಯಮ ಹಚ್ಚಿದೆವು. ಅವನು ಮಳೆಗಾಲ ಮುಗಿಯುವುದರೊಳಗೆ ಚಾಕಣದ ಕಡೆ ಕೆಲಸ ಹುಡುಕಿಕೊಂಡ. ನ್ಯಾಯದ ಪಟ್ಟಿಯಿಂದ ಎಲ್ಲರೂ ಸುಖವಾಗುತ್ತಾರೆಂದು ನಂಬಿ ಈ ಕೆಲಸಕ್ಕೆ ಕೈ ಹಾಕಬಾರದು. ಕೆಲವರಿಗೆ ನಷ್ಟವಾಗುತ್ತದೆ, ಅವರು ಕೆಟ್ಟವರೂ ಅಲ್ಲ.

ನಾವು ಯಾರೂ ಎಣಿಸದ ತಕರಾರು ಇನ್‌ಸ್ಪೆಕ್ಷನ್ ಮೇಜಿನಿಂದ ಬಂತು. ‘ಅಣ್ಣಾರ, ಪಗಾರ ಹೆಚ್ಚಾತು, ಛಲೋ ಆತು. ಆದ್ರ ಅದನ್ನ ಗ್ವಾಡಿಗೆ ಯಾಕ ಹಚ್ಚಿದ್ರಿ?’ ಎಂದು ಒಬ್ಬ ಅಕ್ಕ ಕೇಳಿದರು. ಅವರ ಗಂಡ ಎರಡು ಶೆಡ್ ಆಚೆ ಕೆಲಸ ಮಾಡುತ್ತಿದ್ದ. ಮನೆಯಲ್ಲಿ ಅವರು ಪಗಾರವನ್ನು ಸಾವಿರ ಕಡಿಮೆ ಹೇಳಿ, ಆ ಸಾವಿರವನ್ನು ಓಣಿಯ ಹೆಂಗಸರ ಭಿಶಿಗೆ (ಚೀಟಿ ಗುಂಪಿಗೆ) ಕಟ್ಟುತ್ತಿದ್ದರು. ಮಗಳ ಕಾಲೇಜಿಗೆಂದು ಕೂಡಿಡುತ್ತಿದ್ದ ಹಣ ಅದು. ಪಟ್ಟಿ ಹಚ್ಚಿದ ದಿನವೇ ಗಂಡನಿಗೆ ಸುದ್ದಿ ಮುಟ್ಟಿತು. ಪಗಾರ ಏರಿತು, ಕೈಯಲ್ಲಿದ್ದ ಗುಟ್ಟು ಹೋಯಿತು. ಪಟ್ಟಿಯಲ್ಲಿ ಹೆಸರಿರಲಿಲ್ಲ, ಬರೀ ದರ್ಜೆ ಇತ್ತು. ಆದರೆ 34 ಜನರ ಶಾಪಿನಲ್ಲಿ ಅದು ಮರೆಯಾಗುವುದೆಲ್ಲಿ? ಪಟ್ಟಿಯನ್ನು ತೆಗೆಯಲು ಆಗಲಿಲ್ಲ. ಅವರ ಪಗಾರದ ಖಾತೆಯಿಂದಲೇ ಪ್ರತಿ ತಿಂಗಳು ಆರ್‌ಡಿಗೆ (ತಿಂಗಳ ಉಳಿತಾಯದ ಠೇವಣಿಗೆ) ಹಣ ತಾನಾಗಿ ಹೋಗುವ ಹಾಗೆ ಬ್ಯಾಂಕಿನಲ್ಲಿ ಮಾಡಿಸಿಕೊಟ್ಟೆವು. ಅವರಿಗೆ ಅರ್ಧ ಸಮಾಧಾನ.

ಏನಾಯಿತು

ಖುಷಿ ಅಳೆಯಲು ನಮ್ಮ ಹತ್ತಿರ ಯಾವ ಮಾಪನವೂ ಇರಲಿಲ್ಲ. ಎರಡು ಪ್ರಶ್ನೆ ಮಾತ್ರ ಕೇಳುತ್ತಿದ್ದೆ, ಬೇರೆ ಬೇರೆಯಾಗಿ. ಪಗಾರ ಸರಿ ಇದೆ ಅನ್ನಿಸುತ್ತದೆಯೇ? ರಾತ್ರಿ ಮನೆಗೆ ಹೋದಾಗ ಹೇಗಿರುತ್ತೀರಿ? ಪಟ್ಟಿ ಬಂದ ಮೇಲೆ ಮೊದಲನೆಯದಕ್ಕೆ ಉತ್ತರ ಚೆನ್ನಾಗಿ ಬದಲಾಯಿತು. ಹಳಬರು ಮತ್ತೆ ಪಕ್ಕದ ಯಂತ್ರದತ್ತ ನೋಡತೊಡಗಿದರು. ರಿಜೆಕ್ಷನ್ ಇಳಿಯಿತು. ಎರಡನೇ ಪ್ರಶ್ನೆಯ ಉತ್ತರ ಮಾತ್ರ ಹೆಚ್ಚೇನೂ ಅಲುಗಲಿಲ್ಲ.

ಡೇನಿಯಲ್ ಕಾನ್‌ಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ ಅಮೆರಿಕದ ಜನರ ಬಗ್ಗೆ ಬರೆದಾಗ ಈ ಎರಡನ್ನೂ ಬೇರೆ ಮಾಡಿದ್ದರು: ಬದುಕು ಹೇಗಿದೆ ಎಂದು ಕೂತು ಯೋಚಿಸಿ ಹೇಳುವುದು ಬೇರೆ, ದಿನದಿನದ ಮನಸ್ಸಿನ ಸ್ಥಿತಿ ಬೇರೆ. ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ಎರಡನೆಯದು ಏರುವುದಿಲ್ಲ ಎಂದಿದ್ದರು. 2023ರಲ್ಲಿ ಕಾನ್‌ಮನ್ ಅವರೇ, ಇದನ್ನು ಒಪ್ಪದಿದ್ದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಜೊತೆ ಸೇರಿ ಲೆಕ್ಕ ತಿದ್ದಿದರು. ಹೆಚ್ಚಿನವರಲ್ಲಿ ಆದಾಯದ ಜೊತೆ ಖುಷಿ ಏರುತ್ತಲೇ ಹೋಗುತ್ತದೆ, ತೀರಾ ನೊಂದವರಲ್ಲಿ ಮಾತ್ರ ಒಂದು ಹಂತದ ನಂತರ ನಿಲ್ಲುತ್ತದೆ ಎಂದು ಅದರಲ್ಲಿದೆ. ಭೋಸರಿಯ 16,500 ರೂಪಾಯಿಯವರು ಆ ಹಂತದ ಹತ್ತಿರಕ್ಕೂ ಬಂದವರಲ್ಲ. ಆದ್ದರಿಂದ ‘ದುಡ್ಡಿನಿಂದ ಸುಖ ಬರಲ್ಲ’ ಎಂದು ಮಾಲೀಕರು ಯಾರಾದರೂ ಇದನ್ನು ತೋರಿಸಿ ಹೇಳಿದರೆ ನಾನು ಒಪ್ಪುವುದಿಲ್ಲ.

ರಾತ್ರಿಯ ಉತ್ತರ ಬದಲಾದದ್ದು ಬಹಳ ಅಗ್ಗದ ಒಂದು ಕೆಲಸದಿಂದ. ಪಗಾರದ ದಿನ ನಿಗದಿಯಾಯಿತು. ಮೊದಲು 10ರಿಂದ 18ನೇ ತಾರೀಖಿನೊಳಗೆ ಯಾವಾಗಲೋ ಆಗುತ್ತಿತ್ತು. 1936ರ ವೇತನ ಪಾವತಿ ಕಾಯ್ದೆ 7ನೇ ತಾರೀಖಿನೊಳಗೆ ಎನ್ನುತ್ತಿತ್ತು. ಖೋಲಿ ಬಾಡಿಗೆ 5ಕ್ಕೆ. ನಡುವಿನ ದಿನಗಳಿಗೆ ಜನ ಕೈಗಡ ಮಾಡುತ್ತಿದ್ದರು, ಅದಕ್ಕೆ ಬಡ್ಡಿ. ಮಾಲೀಕರ ಕಷ್ಟವೂ ನಿಜವೇ. ಗಿರಾಕಿಗಳು ಮೂರು ತಿಂಗಳು ಹಣ ಹಿಡಿದಿಡುತ್ತಿದ್ದರು. ಸಣ್ಣ ಉದ್ದಿಮೆಗೆ 45 ದಿನದೊಳಗೆ ಕೊಡಬೇಕೆಂದು 2006ರ ಕಾಯ್ದೆಯಲ್ಲಿದ್ದರೂ ಯಾರೂ ಕೇಳುತ್ತಿರಲಿಲ್ಲ. ಹಾಗೆ ಕೊಡದಿದ್ದರೆ ಆ ಖರ್ಚನ್ನು ಗಿರಾಕಿಯ ಆದಾಯ ತೆರಿಗೆಯಲ್ಲಿ ಆ ವರ್ಷ ಕಳೆಯಲು ಬಿಡುವುದಿಲ್ಲ ಎಂಬ ನಿಯಮ ಬಂದ ಮೇಲೆ, 2024ರ ಮಾರ್ಚಿನಲ್ಲಿ ಹಳೆ ಬಾಕಿ ಫಟಾಫಟ್ ಬಂತು. ಅಂದಿನಿಂದ 5ನೇ ತಾರೀಖಿಗೆ ಪಗಾರ. ಅಡ್ವಾನ್ಸ್ ಕೇಳಿಕೊಂಡು ಆಫೀಸಿಗೆ ಬರುವವರು ಬಹುಪಾಲು ನಿಂತರು. ‘ಈಗ ಹೆಂಗಿದ್ದೀರಿ?’ ಎಂದರೆ ಇಬ್ಬರು ಮೂವರು ಮೊದಲು ಹೇಳಿದ್ದೇ ಈ ತಾರೀಖಿನ ಮಾತು.

ಈಗಿನ ಜಗಳ

2025ರ ಹೊತ್ತಿಗೆ ಬೇರೆ ತೊಡಕು ಎದ್ದಿತು. ಮೇಲಿನ ದರ್ಜೆಗೆ ಹೋದವರಿಗೆ ಮುಂದೆ ದಾರಿ ಇಲ್ಲ. ಕೆಳಗೆ ಹತ್ತಾರು ವರ್ಷ ಕೂತವರಿಗೂ ಇಲ್ಲ. ಇನ್‌ಸ್ಪೆಕ್ಷನ್‌ನವರು ಯಂತ್ರ ನಡೆಸುವ ಪರೀಕ್ಷೆ ಕೊಡಲಿ ಎಂದರೆ, ಅವರು ತಪಾಸಣೆಯ ಮೇಜು ಬಿಟ್ಟರೆ ಗಿರಾಕಿಗೆ ಹೋಗುವ ಮಾಲೇ ಕೆಡುತ್ತದೆ. ಐದನೇ ದರ್ಜೆ ಮಾಡೋಣ ಎಂದು ಮಾಲೀಕರು ಮತ್ತೆ ಕೇಳಿದರು. ಅಷ್ಟು ದೊಡ್ಡ ಕೆಲಸ ಶಾಪಿನಲ್ಲಿ ಇಲ್ಲದೆ ದರ್ಜೆ ಮಾಡುವುದು ಬೇಡ ಎಂದೆ. ಬದಲಿಗೆ ಐದು ವರ್ಷ ಮುಗಿದ ಮೇಲೆ ಪ್ರತಿ ವರ್ಷದ ಸೇವೆಗೆ 300 ರೂಪಾಯಿ, ಎಲ್ಲ ದರ್ಜೆಗೂ ಒಂದೇ ದರದಲ್ಲಿ ಸೇರಿಸಿದೆವು. 21,000ದ ಮಿತಿಯನ್ನು ಇದು ದಾಟಿಸುವವರಿಗೆ ಈ ಮೊತ್ತವೂ ಮೂರು ತಿಂಗಳ ಲೆಕ್ಕದಲ್ಲಿ ಹೋಗುತ್ತದೆ.

ಹನ್ನೆರಡು ವರ್ಷ ಆದ ಇನ್‌ಸ್ಪೆಕ್ಷನ್ ಅಕ್ಕ ಒಬ್ಬರಿಗೆ ಇದರಿಂದ 18,600 ಆಯಿತು. ಎರಡನೇ ದರ್ಜೆಯ ಹೊಸ ಆಪರೇಟರ್‌ಗೆ 18,500. ಯಂತ್ರದ ಮುಂದೆ ನಿಂತವನಿಗಿಂತ ಮೇಜಿನ ಮುಂದೆ ಕೂತವರಿಗೆ ನೂರು ರೂಪಾಯಿ ಜಾಸ್ತಿಯೇ ಎಂದು ಇಬ್ಬರು ಹುಡುಗರು ಮಾಲೀಕರ ಹತ್ತಿರ ಹೋದರು. ಅವರು ಗೋಡೆಯ ಪಟ್ಟಿ ತೋರಿಸಿ, ‘ಹನ್ನೆರಡು ವರ್ಷ ಇಲ್ಲೇ ಇರ್ರಿ, ನಿಮಗೂ ಬರ್ತದ’ ಎಂದರಂತೆ. ಒಬ್ಬ ನಕ್ಕು ಹಿಂದಿರುಗಿದ. ಇನ್ನೊಬ್ಬ ಮೂರನೇ ದರ್ಜೆಯ ಪರೀಕ್ಷೆ ಕೇಳಿದ್ದಾನೆ. ಸೇವೆಯ ವರ್ಷಕ್ಕೂ ಕಲಿತ ಕೆಲಸಕ್ಕೂ ಎಷ್ಟೆಷ್ಟು ಬೆಲೆ ಎಂಬುದನ್ನು ಬರುವ ಏಪ್ರಿಲ್‌ನಲ್ಲಿ ಎಲ್ಲರ ಎದುರು ಮತ್ತೆ ಕೂತು ನೋಡುವುದೆಂದು ಆಗಿದೆ.